ಐರಿಷ್, ಸ್ಕಾಟಿಷ್ ಮನೆತನದ ಮೂಲ ಹುಡುಕಲು ಯಾವ ವೈ-ಡಿಎನ್‌ಎ ಪರೀಕ್ಷೆ?

ಮನೆತನದ ಹೆಸರು ಓಬ್ರಯನ್, ಮರ್ಫಿ, ಮೆಕ್‌ಡೊನಾಲ್ಡ್ ಅಥವಾ ಸ್ಟೂವರ್ಟ್. ಕೈಯಲ್ಲಿರುವುದು ಮುತ್ತಾತನ ದೀಕ್ಷಾಸ್ನಾನದ ಪತ್ರ, ಅದರ ಹಿಂದಿನದಕ್ಕೆ ‘ಯಾವುದೋ ರೆಜಿಮೆಂಟಿನಲ್ಲಿ ಬಂದವರಂತೆ’ ಎಂಬ ಮಾತು ಮಾತ್ರ. ಬೆಂಗಳೂರಿನ ಆಂಗ್ಲೋ ಇಂಡಿಯನ್ ಕುಟುಂಬಗಳಿಗೂ ಕೆಜಿಎಫ್‌ನಿಂದ ಚದುರಿಹೋದವರಿಗೂ ಇದು ಹೊಸ ವಿಷಯವಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಐರಿಷ್ ಮೂಲದವರಲ್ಲೂ ಬಹಳ ಮಂದಿ ಇಲ್ಲೇ ನಿಂತಿದ್ದಾರೆ. ಕಾಗದ ಮುಗಿದಾಗ ಡಿಎನ್‌ಎ ಪರೀಕ್ಷೆಯ ಯೋಚನೆ ಬರುತ್ತದೆ. ನೋಡಿದರೆ ಐದಾರು ಬಗೆಯ ಪರೀಕ್ಷೆಗಳು, ಬೆಲೆಯಲ್ಲಿ ಮೂರು ನಾಲ್ಕು ಪಟ್ಟು ಅಂತರ. ಹೆಚ್ಚಿನವರು ಅಗ್ಗದ್ದನ್ನು ಕೊಂಡು, ಅರ್ಥವಾಗದ ಅಂಕಿಗಳ ಪಟ್ಟಿ ಹಿಡಿದು ಕೂರುತ್ತಾರೆ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ‘ಈ ಇಬ್ಬರು ಗಂಡಸರು ಒಂದೇ ಮನೆತನದವರೇ?’ ಎಂಬ ಪ್ರಶ್ನೆಗೆ ವೈ ಕ್ರೋಮೋಸೋಮಿನ 37 ಮಾರ್ಕರ್‌ಗಳನ್ನು, ಅಂದರೆ ಗೊತ್ತುಮಾಡಿದ 37 ಜಾಗಗಳನ್ನು ನೋಡುವ ಪರೀಕ್ಷೆ (ವೈ-37) ಬಹುತೇಕ ಸಾಕು. ‘ನಮ್ಮ ಮನೆತನ ಎಲ್ಲಿಂದ ಬಂತು, ಯಾವ ಕವಲಿಗೆ ಸೇರಿದ್ದು?’ ಎಂಬ ಪ್ರಶ್ನೆಗೆ ಆ ಕ್ರೋಮೋಸೋಮಿನ ಓದಲು ಬರುವ ಭಾಗದ ಬಹುಪಾಲನ್ನು ಓದುವ ಬಿಗ್ ವೈ ಪರೀಕ್ಷೆಗಿಂತ ಕಡಿಮೆಯದಕ್ಕೆ ಹಣ ಹಾಕಬೇಡಿ. ಬೇರೆ ದೇಶಗಳ ಹೆಸರುಗಳಿಗೆ ಈ ಮಾತನ್ನು ಇಷ್ಟು ಖಡಾಖಂಡಿತವಾಗಿ ಹೇಳಲಾರೆ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಮಟ್ಟಿಗೆ ಹೇಳುವುದಕ್ಕೆ ಕಾರಣಗಳಿವೆ.

ಈ ಎರಡು ದೇಶಗಳಲ್ಲಿ ವೈ ಏಕೆ ಮುಖ್ಯ

ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ, ಅದೂ ಹೆಚ್ಚು ಕಡಿಮೆ ಹಾಗೆಯೇ. ಮನೆತನದ ಹೆಸರೂ ಅದೇ ದಾರಿಯಲ್ಲಿ ಸಾಗುತ್ತದೆ. ಐರ್ಲೆಂಡಿನಲ್ಲಿ ಈ ಹೆಸರುಗಳು ಬಹಳ ಬೇಗ ನೆಲೆಯೂರಿದವು. 10 ಮತ್ತು 11ನೆಯ ಶತಮಾನಗಳಲ್ಲೇ ‘ಮ್ಯಾಕ್’ ಮತ್ತು ‘ಓ’ ಸೇರಿದ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಇಳಿಯತೊಡಗಿದ್ದವು. ಯುರೋಪಿನಲ್ಲಿ ಇಷ್ಟು ಹಳೆಯ ಪದ್ಧತಿ ವಿರಳ. ಅಂದರೆ ಹೆಸರು ಮತ್ತು ವೈ ಕ್ರೋಮೋಸೋಮ್ ಸಾವಿರ ವರ್ಷ ಜೊತೆಯಾಗಿ ನಡೆದಿರುವ ಸಾಧ್ಯತೆ ಅಲ್ಲಿದೆ.

ಸ್ಕಾಟ್ಲೆಂಡಿನಲ್ಲಿ ತಗ್ಗುಪ್ರದೇಶದ ಕುಲೀನ ಮನೆತನಗಳ ಹೆಸರು ಹಳೆಯವು. ಬೆಟ್ಟಪ್ರದೇಶವಾದ ಹೈಲ್ಯಾಂಡ್ಸ್‌ನ ಸಾಮಾನ್ಯ ಜನರ ನಡುವೆ ಮಾತ್ರ 17, 18ನೆಯ ಶತಮಾನದವರೆಗೂ ತಂದೆಯ ಹೆಸರು ಹಿಡಿದು ಕರೆಯುವುದೇ ರೂಢಿಯಲ್ಲಿತ್ತು. ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಅದು 19ನೆಯ ಶತಮಾನಕ್ಕೂ ಬಂತು. ಪರೀಕ್ಷೆಯ ಫಲಿತಾಂಶ ಓದುವಾಗ ಈ ವ್ಯತ್ಯಾಸ ಬೇಕಾಗುತ್ತದೆ.

ಇನ್ನು ಕಾಗದದ ಕಥೆ. 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಅಂತರ್ಯುದ್ಧದಲ್ಲಿ ಸುಟ್ಟು ಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ, ಉಯಿಲುಗಳು, ಚರ್ಚ್ ಆಫ್ ಐರ್ಲೆಂಡಿನ ನೂರಾರು ಪ್ಯಾರಿಷ್ ಪುಸ್ತಕಗಳು ಬೂದಿಯಾದವು. 1861ರಿಂದ 1891ರವರೆಗಿನ ಗಣತಿ ಹಾಳೆಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿತ್ತು. ಪೂರ್ತಿಯಾಗಿ ಉಳಿದ ಅತ್ಯಂತ ಹಳೆಯ ಗಣತಿ 1901ರದು. ಇಂಥ ನಾಡಿನಲ್ಲಿ ಬಡ ರೈತನ ಮಗ ಸೈನ್ಯ ಸೇರಿ 1840ರಲ್ಲಿ ಭಾರತಕ್ಕೆ ಹೊರಟಿದ್ದರೆ, ಅವನ ತಂದೆಯ ಊರು ಕಾಗದದಲ್ಲಿ ಸಿಗುವುದು ಅದೃಷ್ಟದ ಮಾತು. ವೈ-ಡಿಎನ್‌ಎ ಮೇಲೆ ಐರಿಷರಿಗೆ ಇಷ್ಟು ಆಸೆ ಏಕೆ ಎಂಬುದು ಇದರಿಂದ ತಿಳಿಯುತ್ತದೆ.

ವೈ-37 ಮತ್ತು ವೈ-111

ಇವು ಎಸ್‌ಟಿಆರ್ ಪರೀಕ್ಷೆಗಳು. ಕ್ರೋಮೋಸೋಮಿನ ಕೆಲವು ಜಾಗಗಳಲ್ಲಿ ಒಂದೇ ಅಕ್ಷರಗುಚ್ಛ ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸುತ್ತಾರೆ. ಡಿವೈಎಸ್392 ಎಂಬ ಜಾಗದಲ್ಲಿ ಪಶ್ಚಿಮ ಯುರೋಪಿನ ಹೆಚ್ಚಿನವರಿಗೆ 13 ಬಂದರೆ, ವಾಯವ್ಯ ಐರ್ಲೆಂಡಿನ ಒಂದು ದೊಡ್ಡ ಗುಂಪಿಗೆ 14 ಬರುತ್ತದೆ. ಇಂಥ 37 ಅಥವಾ 111 ಅಂಕಿಗಳ ಸಾಲೇ ನಿಮ್ಮ ಫಲಿತಾಂಶ. ಟೆಕ್ಸಾಸ್‌ನ ಫ್ಯಾಮಿಲಿಟ್ರೀಡಿಎನ್‌ಎ ಕಂಪನಿ 2000ದಿಂದಲೂ ಈ ಕೆಲಸದಲ್ಲಿದೆ. ಹೆಸರಿನ ಸಂಶೋಧನೆಗೆ ಬೇಕಾದ ಹೋಲಿಕೆಯ ಪಟ್ಟಿ ದೊಡ್ಡದಾಗಿರುವುದೂ ಅಲ್ಲೇ. ಅಲ್ಲಿ 37 ಮಾರ್ಕರ್‌ಗಳಲ್ಲಿ ನಾಲ್ಕರವರೆಗೆ, 111ರಲ್ಲಿ ಹತ್ತರವರೆಗೆ ವ್ಯತ್ಯಾಸವಿರುವವರನ್ನು ಹೊಂದಾಣಿಕೆಯ ಪಟ್ಟಿಯಲ್ಲಿ ತೋರಿಸುತ್ತಾರೆ.

ನಿಮ್ಮ ಅಜ್ಜ ಮತ್ತು ಪರ್ತ್‌ನಲ್ಲಿರುವ ಇನ್ನೊಬ್ಬ ಡಾಯ್ಲ್, ಇಬ್ಬರೂ ಒಬ್ಬನೇ ಸೈನಿಕನ ಮಕ್ಕಳ ಕವಲೇ ಎಂದು ತಿಳಿಯಬೇಕಿದ್ದರೆ ಇಬ್ಬರಿಗೂ ವೈ-37 ಮಾಡಿಸಿ. 37ರಲ್ಲಿ 36 ಹೊಂದಿ, ಹೆಸರೂ ಒಂದೇ ಆಗಿದ್ದರೆ ಬಹುತೇಕ ಹೌದು. ಹದಿನೈದು ಕಡೆ ಅಂಕಿ ಬೇರೆಯಾದರೆ ಖಂಡಿತ ಅಲ್ಲ. ಅಲ್ಲ ಎಂದು ಹೇಳುವುದರಲ್ಲಿ ಈ ಅಗ್ಗದ ಪರೀಕ್ಷೆ ದುಬಾರಿಯದ್ದಕ್ಕೆ ಏನೂ ಕಡಿಮೆಯಿಲ್ಲ.

ಮೂಲ ಹುಡುಕಲು ಹೊರಟಾಗ ಅದು ಮುಗ್ಗರಿಸುತ್ತದೆ. ಐರ್ಲೆಂಡಿನ ಗಂಡಸರಲ್ಲಿ ಸುಮಾರು ಶೇ. 80ರಷ್ಟು ಮಂದಿ ಆರ್1ಬಿ ಎಂಬ ಒಂದೇ ದೊಡ್ಡ ಗುಂಪಿನ ಎಂ269 ಕವಲಿಗೆ ಸೇರಿದವರು. ವೈ-37 ಮಾಡಿಸಿದ ಐರಿಷ್ ಮೂಲದವರಲ್ಲಿ ಬಹುಪಾಲು ಜನರಿಗೆ ಸಿಗುವ ಹ್ಯಾಪ್ಲೋಗ್ರೂಪ್ (ವೈ ವಂಶವೃಕ್ಷದ ಕವಲು) ಇದೇ. ಅದು ಸಾವಿರಾರು ವರ್ಷ ಹಳೆಯದು. ಸ್ಪೇನಿನವರಿಗೂ ಇದೆ, ಜರ್ಮನಿಯವರಿಗೂ ಇದೆ. ಜೊತೆಗೆ ಎಸ್‌ಟಿಆರ್ ಅಂಕಿಗಳು ತಲೆಮಾರುಗಳಲ್ಲಿ 14ರಿಂದ 15ಕ್ಕೆ ಏರಿ ಮತ್ತೆ 14ಕ್ಕೆ ಇಳಿಯಬಹುದು. ಕಿಕ್ಕಿರಿದ ಗುಂಪಿನಲ್ಲಿ ಹೀಗಾದಾಗ ಎರಡು ಸಾವಿರ ವರ್ಷಗಳಿಂದ ಬೇರೆಯಾಗಿರುವ ಇಬ್ಬರ ಅಂಕಿಗಳು ಆಕಸ್ಮಿಕವಾಗಿ ಒಂದೇ ಆಗುತ್ತವೆ. ಪಟ್ಟಿಯಲ್ಲಿ ಮೂವತ್ತು ಬೇರೆ ಬೇರೆ ಹೆಸರುಗಳು ಕಾಣುತ್ತವೆ, ಯಾವುದೂ ದಾರಿ ತೋರಿಸುವುದಿಲ್ಲ.

ಇದರ ಅತಿ ಪ್ರಸಿದ್ಧ ಉದಾಹರಣೆ ಎಂ222. 2006ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು ವಾಯವ್ಯ ಐರ್ಲೆಂಡಿನ ಐವರಲ್ಲಿ ಒಬ್ಬರು ಒಂದೇ ವೈ ಕವಲಿಗೆ ಸೇರಿದವರೆಂದು ತೋರಿಸಿದರು. ಐತಿಹ್ಯದ ರಾಜ ‘ಒಂಬತ್ತು ಒತ್ತೆಯಾಳುಗಳ ನಿಯಲ್’ನ ಹೆಸರು ಅದಕ್ಕೆ ಅಂಟಿಕೊಂಡಿತು. ಗ್ಯಾಲಗರ್, ಓಡಾನೆಲ್, ಡೊಹರ್ಟಿ ಎಂಬ ಹೆಸರಿನವರೆಲ್ಲ ತಾವು ರಾಜವಂಶದವರೆಂದು ಸಂಭ್ರಮಿಸಿದರು. ಆಮೇಲೆ ಆ ಕವಲು ನಿಯಲ್‌ನ ಕಾಲಕ್ಕಿಂತ ಹಳೆಯದು ಎಂಬುದು ಗೊತ್ತಾಯಿತು. ಸ್ಕಾಟ್ಲೆಂಡಿನ ತಗ್ಗುಪ್ರದೇಶದಲ್ಲೂ ಅದು ಸಾಕಷ್ಟಿದೆ. ಎಂ222 ಬಂದ ಮಾತ್ರಕ್ಕೆ ಯಾರೂ ನಿಯಲ್‌ನ ಸಂತತಿಯಾಗುವುದಿಲ್ಲ. ಆ ಕವಲೊಳಗಿನ ಸಣ್ಣ ಕವಲು ಯಾವುದು ಎಂಬುದೇ ಮುಖ್ಯ, ಅದನ್ನು ವೈ-37 ಹೇಳಲಾರದು.

ವೈ-111 ಈ ಗದ್ದಲವನ್ನು ಒಂದಿಷ್ಟು ಕಡಿಮೆ ಮಾಡುತ್ತದೆ, ಅಷ್ಟೇ. ಆ ಹಣಕ್ಕೆ ಇನ್ನಷ್ಟು ಸೇರಿಸಿ ಮುಂದಿನದನ್ನೇ ಕೊಳ್ಳುವುದು ಲೇಸು.

ಬಿಗ್ ವೈ

ಬಿಗ್ ವೈ-700 ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಇದು ಅಂಕಿ ಎಣಿಸಿ ನಿಲ್ಲುವುದಿಲ್ಲ. ವೈ ಕ್ರೋಮೋಸೋಮಿನ ಓದಲು ಬರುವ ಭಾಗದ ಬಹುಪಾಲನ್ನು ಅಕ್ಷರ ಅಕ್ಷರವಾಗಿ ಓದುತ್ತದೆ. ಹುಡುಕುವುದು ಎಸ್‌ಎನ್‌ಪಿಗಳನ್ನು, ಅಂದರೆ ಒಂದೇ ಒಂದು ಅಕ್ಷರ ಬದಲಾದ ಜಾಗಗಳನ್ನು. ಇವು ಎಸ್‌ಟಿಆರ್‌ನಂತೆ ಏರಿ ಇಳಿಯುವುದಿಲ್ಲ. ಒಮ್ಮೆ ಬದಲಾದದ್ದು ಮುಂದಿನ ಎಲ್ಲ ಗಂಡುಮಕ್ಕಳಲ್ಲೂ ಉಳಿಯುತ್ತದೆ. ಸರಾಸರಿ ಎಂಬತ್ತು ಚಿಲ್ಲರೆ ವರ್ಷಕ್ಕೆ ಒಂದು ಹೊಸ ಎಸ್‌ಎನ್‌ಪಿ ಸಿಗುತ್ತದೆ, ಅಂದರೆ ಎರಡು ಮೂರು ತಲೆಮಾರಿಗೊಂದು. ಹೀಗಾಗಿ ಯಾವ ಕವಲು ಯಾವುದರಿಂದ ಒಡೆಯಿತು, ಸುಮಾರು ಯಾವ ಶತಮಾನದಲ್ಲಿ ಒಡೆಯಿತು ಎಂಬ ನಿಜವಾದ ವಂಶವೃಕ್ಷ ಮೂಡುತ್ತದೆ.

ಮಧ್ಯ ಪಶ್ಚಿಮ ಐರ್ಲೆಂಡಿನ ಕ್ಲೇರ್, ಲಿಮರಿಕ್ ಸುತ್ತಿನ ಎಲ್226 ಎಂಬ ಕವಲನ್ನು ನೋಡಿ. ಇದು ಡಾಲ್ ಗ್ಯಾಶ್ ಕುಲದೊಂದಿಗೆ ಗುರುತಿಸಿಕೊಂಡಿದೆ. 1014ರಲ್ಲಿ ಕ್ಲಾಂಟಾರ್ಫ್ ಯುದ್ಧದಲ್ಲಿ ಮಡಿದ ಬ್ರಿಯನ್ ಬೋರು ಆ ಕುಲದವನು, ಓಬ್ರಯನ್ ಮನೆತನಕ್ಕೆ ಹೆಸರು ಬಂದದ್ದು ಅವನಿಂದ. ಓಬ್ರಯನ್, ಕೇಸಿ, ಹೋಗನ್, ಕೆನಡಿ ಹೆಸರಿನ ಹಲವರಲ್ಲಿ ಎಲ್226 ಇದೆ. ಆದರೆ ಆ ಎಸ್‌ಎನ್‌ಪಿ ಬ್ರಿಯನ್ನನಿಗಿಂತ ಹಳೆಯದು. ಹೆಸರುಗಳು ಹುಟ್ಟುವ ಮೊದಲೇ ಇತ್ತು. ಆದ್ದರಿಂದಲೇ ಬೇರೆ ಬೇರೆ ಹೆಸರಿನವರು ಅದನ್ನು ಹಂಚಿಕೊಂಡಿದ್ದಾರೆ. ಅದರ ಕೆಳಗಿನ ಕವಲುಗಳಿಗೆ ಇಳಿದಾಗಲೇ ಒಂದೊಂದು ಹೆಸರು ಬೇರ್ಪಡುತ್ತದೆ.

ಫಲಿತಾಂಶ ಓದುವವರಿಗೆ ಇಲ್ಲೊಂದು ಒಳ್ಳೆಯ ಅಳತೆಗೋಲಿದೆ. ನಿಮ್ಮ ಕವಲಿನ ಅಂದಾಜು ಕಾಲ 1000ನೇ ಇಸವಿಗಿಂತ ಹಿಂದಿದ್ದರೆ ಅದು ಕುಲದ ಅಥವಾ ಪ್ರದೇಶದ ಗುರುತು. ಹಲವು ಹೆಸರುಗಳು ಜೊತೆಗೆ ಕಾಣುವುದು ಸಹಜ. ಅದಕ್ಕಿಂತ ಈಚೆಗಿದ್ದು, ಜೊತೆಗಿರುವವರೆಲ್ಲ ನಿಮ್ಮ ಹೆಸರಿನವರೇ ಆಗಿದ್ದರೆ ನೀವು ಮನೆತನದ ಮೂಲಕ್ಕೇ ಕೈ ಹಾಕಿದ್ದೀರಿ. ಹೈಲ್ಯಾಂಡ್ಸ್‌ನ ಹೆಸರಾದರೆ ಈ ಗೆರೆಯನ್ನು 1600ರ ಸುಮಾರಿಗೆ ಎಳೆದುಕೊಳ್ಳಿ.

ಸ್ಕಾಟ್ಲೆಂಡಿನಲ್ಲಿ ಇದರ ಚೆಂದದ ನಿದರ್ಶನ ಸ್ಟೂವರ್ಟ್ ಮನೆತನ. ಅವರ ಪೂರ್ವಜರು ಫ್ರಾನ್ಸಿನ ಬ್ರಿಟನಿ ಪ್ರದೇಶದ ಡೋಲ್ ಎಂಬ ಊರಿನಿಂದ ನಾರ್ಮನ್ನರ ಜೊತೆ ಬಂದವರು. ಆ ವಂಶದ ಸರ್ ಜಾನ್ ಸ್ಟೂವರ್ಟ್ 1298ರ ಫಾಲ್ಕರ್ಕ್ ಯುದ್ಧದಲ್ಲಿ ಸತ್ತ. ಅವನ ಗಂಡು ಸಂತತಿಯವರಲ್ಲಿ ಎಸ್781 ಎಂಬ ಎಸ್‌ಎನ್‌ಪಿ ಇದೆ, ಅವನ ಅಣ್ಣನ ಕಡೆಯ ರಾಜವಂಶದ ಕವಲಿನಲ್ಲಿ ಅದಿಲ್ಲ ಎಂಬ ಮಟ್ಟಿಗೆ ಕವಲುಗಳು ಬಿಡಿಸಿಕೊಂಡಿವೆ. ಏಳು ಶತಮಾನದ ಹಿಂದಿನ ಇಬ್ಬರು ಸಹೋದರರನ್ನು ಬೇರೆ ಮಾಡಿ ತೋರಿಸುವ ಶಕ್ತಿ ಎಸ್‌ಟಿಆರ್ ಅಂಕಿಗಳಿಗೆ ಇಲ್ಲ.

ಬಿಗ್ ವೈಯ ಕಷ್ಟ ಬೆಲೆಯದು. ವೈ-37ರ ಮೂರು ಪಟ್ಟಿಗೂ ಹೆಚ್ಚು ಕೊಡಬೇಕು. ಏಪ್ರಿಲ್ 25ರ ಡಿಎನ್‌ಎ ದಿನ, ಅಪ್ಪಂದಿರ ದಿನ, ನವೆಂಬರ್ ಕೊನೆಯ ಮಾರಾಟಗಳಲ್ಲಿ ರಿಯಾಯಿತಿ ಇರುತ್ತದೆ, ಅವಸರವಿಲ್ಲದವರು ಕಾಯಿರಿ. ಇನ್ನೊಂದು ಮಾತು: ನಿಮ್ಮ ಕವಲಿನಲ್ಲಿ ಬೇರಾರೂ ಬಿಗ್ ವೈ ಮಾಡಿಸಿರದಿದ್ದರೆ ನಿಮ್ಮ ಸಣ್ಣ ಕವಲಿನಲ್ಲಿ ನೀವೊಬ್ಬರೇ ನಿಂತಿರುತ್ತೀರಿ. ಆ ಫಲಿತಾಂಶಕ್ಕೆ ಬೆಲೆ ಬರುವುದು ಇನ್ನೊಬ್ಬರು ಬಂದು ಸೇರಿದ ದಿನ.

ಒಂದೇ ಎಸ್‌ಎನ್‌ಪಿ ಸಾಕಾಗುವ ಸಂದರ್ಭ

ಬರ್ಲಿನ್ನಿನ ವೈಸೆಕ್‌ನಂಥ ಪ್ರಯೋಗಾಲಯಗಳು ನೀವು ಕೇಳಿದ ಒಂದೇ ಎಸ್‌ಎನ್‌ಪಿಯನ್ನು ಕಡಿಮೆ ಹಣಕ್ಕೆ ನೋಡಿ ಹೇಳುತ್ತವೆ. ಪ್ರಶ್ನೆ ಖಚಿತವಾಗಿದ್ದರೆ ಇದಕ್ಕಿಂತ ಮಿತವ್ಯಯದ ದಾರಿ ಇಲ್ಲ.

ನಮ್ಮ ಊರಿನವರಿಗೇ ಒದಗಬಹುದಾದ ಸಂದರ್ಭ ಹೇಳುತ್ತೇನೆ. ಬೆಂಗಳೂರಿನ ಆಂಗ್ಲೋ ಇಂಡಿಯನ್ ಕುಟುಂಬವೊಂದರ ಹೆಸರು ಮೆಕ್‌ಡೊನಾಲ್ಡ್ ಎಂದುಕೊಳ್ಳಿ. ವೈ-37ರಲ್ಲಿ ಆರ್1ಎ ಎಂದು ಬಂತು. ಒಬ್ಬರು ಹೇಳುತ್ತಾರೆ: ಇದು ಸ್ಕಾಟ್ಲೆಂಡಿನ ಕ್ಲ್ಯಾನ್ ಡೊನಾಲ್ಡ್‌ನ, ಅಂದರೆ ಡೊನಾಲ್ಡ್ ಕುಲದ ರಾಜಮುದ್ರೆ. ಅದು ಸುಳ್ಳಲ್ಲ. ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಆ ಕ್ಲ್ಯಾನಿನ ಮುಖ್ಯಸ್ಥರ ವೈ ಕ್ರೋಮೋಸೋಮ್ ಪರೀಕ್ಷಿಸಿ, 1164ರಲ್ಲಿ ಸತ್ತ ಅದರ ಮೂಲಪುರುಷ ಸೋಮರ್ಲೆಡ್‌ನ ಸಂತತಿ ನಾರ್ವೆ ಕಡೆಯ ಆರ್1ಎ ಎಂದು ತೋರಿಸಿದ್ದರು. ಇನ್ನೊಬ್ಬರು ಹೇಳುತ್ತಾರೆ: ಆರ್1ಎ ಭಾರತದಲ್ಲಿ ಕೋಟ್ಯಂತರ ಜನರಿಗಿದೆ, ನಿಮ್ಮ ತಂದೆಯ ಕಡೆಯ ಮೂಲಪುರುಷ ಇಲ್ಲಿಯವನೇ ಇರಬೇಕು. ಅದೂ ಸುಳ್ಳಲ್ಲ. ಆರ್1ಎ ಎಂಬ ಅಕ್ಷರ ಎರಡನ್ನೂ ಹೇಳುತ್ತದೆ. ತೀರ್ಮಾನಿಸುವುದು ಅದರ ಕೆಳಗಿನ ಕವಲು: ಭಾರತದ ಆರ್1ಎ ಬಹುತೇಕ ಝಡ್93, ಸೋಮರ್ಲೆಡ್‌ನ ಕಡೆಯದು ಸ್ಕ್ಯಾಂಡಿನೇವಿಯಾದ ಝಡ್284. ಈ ಎರಡು ಎಸ್‌ಎನ್‌ಪಿಗಳನ್ನು ನೋಡಿಸಿದರೆ ವಾದ ಮುಗಿಯುತ್ತದೆ. ಯಾವುದು ಬಂದರೂ ಅದು ಆ ಮನೆತನದ ಇತಿಹಾಸವೇ. ಸ್ಥಳೀಯ ತಂದೆಯ ಮಕ್ಕಳು ಯುರೋಪಿಯನ್ ಹೆಸರು ಪಡೆದದ್ದೂ ಈ ನೆಲದಲ್ಲಿ ನಡೆದ ನಿಜ, ಅದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಅಂದ ಹಾಗೆ, ಮೆಕ್‌ಡೊನಾಲ್ಡರಲ್ಲಿ ಹೆಚ್ಚಿನವರು ಆರ್1ಎ ಅಲ್ಲ, ಆರ್1ಬಿ. ಮುಖ್ಯಸ್ಥನ ನೆಲದಲ್ಲಿ ಬದುಕಿದವರು ಅವನ ಹೆಸರನ್ನು ತಾವೂ ಇಟ್ಟುಕೊಂಡರು.

ಉಳಿದ ಪರೀಕ್ಷೆಗಳು

ಇಡೀ ಜೀನೋಮ್ ಓದಿಸಿ, ಅದರ ಫೈಲನ್ನು ವೈಫುಲ್‌ನಂಥ ವಿಶ್ಲೇಷಣೆಯ ಸೇವೆಗೆ ಕೊಡುವುದು ಇನ್ನೊಂದು ದಾರಿ. ವೈ ಭಾಗದ ಓದು ಒಳ್ಳೆಯದೇ ಸಿಗುತ್ತದೆ. ಆದರೆ ಅದೇ ಹೆಸರಿನ ಬೇರೆಯವರ ಪಟ್ಟಿ ಅದರ ಜೊತೆಗೆ ಬರುವುದಿಲ್ಲ. ಹೆಸರಿನ ಮೂಲವೇ ಗುರಿಯಾದವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

23ಆಂಡ್‌ಮಿ, ಲಿವಿಂಗ್ ಡಿಎನ್‌ಎ ಪರೀಕ್ಷೆಗಳಲ್ಲಿ ವೈ ಹ್ಯಾಪ್ಲೋಗ್ರೂಪ್ ಒಂದು ಸಾಲಿನಷ್ಟು ಸಿಗುತ್ತದೆ. ಈಗಾಗಲೇ ಮಾಡಿಸಿದ್ದರೆ ನೋಡಿಕೊಳ್ಳಿ, ಇದಕ್ಕೆಂದೇ ಹೊಸದಾಗಿ ಕೊಳ್ಳಬೇಡಿ. ಆನ್ಸೆಸ್ಟ್ರಿ ಕಂಪನಿ 2014ರಲ್ಲೇ ವೈ ಪರೀಕ್ಷೆ ನಿಲ್ಲಿಸಿತು, ಈಗ ಅಲ್ಲಿರುವುದು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದ ಡಿಎನ್‌ಎ ನೋಡುವ ಆಟೋಸೋಮಲ್ ಪರೀಕ್ಷೆ ಮಾತ್ರ. ಕಳೆದ ಐದಾರು ತಲೆಮಾರಿನ ಬಂಧುಗಳನ್ನು ಎಲ್ಲ ಕಡೆಯಿಂದಲೂ ಹುಡುಕಲು ಆಟೋಸೋಮಲ್ ಒಳ್ಳೆಯದು. ಮುತ್ತಾತನ ತಂದೆಯೇ ನಿಮ್ಮ ಒಗಟಾಗಿದ್ದರೆ ಅದನ್ನು ವೈ ಜೊತೆಗೇ ಮಾಡಿಸಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮಗೆ 1,024 ಪೂರ್ವಜರ ಸ್ಥಾನಗಳಿವೆ. ವೈ ಹೇಳುವುದು ಅದರಲ್ಲಿ ಒಬ್ಬನ ವಿಷಯ.

ಹೆಸರು ಒಂದು, ವೈ ಇನ್ನೊಂದು

ಹೆಸರಿನವರ ಜೊತೆ ಹೊಂದಾಣಿಕೆ ಬರಲಿಲ್ಲವೆಂದು ಪರೀಕ್ಷೆಯನ್ನು ಬೈಯುವವರಿದ್ದಾರೆ. ಎಷ್ಟೋ ಸಲ ಇತಿಹಾಸ ಅಲ್ಲೇ ಮಾತಾಡುತ್ತಿರುತ್ತದೆ. 1603ರಲ್ಲಿ ರಾಜ ಆರನೆಯ ಜೇಮ್ಸ್ ಮೆಕ್‌ಗ್ರೆಗರ್ ಎಂಬ ಹೆಸರನ್ನೇ ನಿಷೇಧಿಸಿದ. ಆ ಹೆಸರು ಹೇಳಿಕೊಂಡರೆ ಮರಣದಂಡನೆ. ನಡುವೆ ಕೆಲವು ದಶಕ ಬಿಟ್ಟರೆ ನಿಷೇಧ 1774ರವರೆಗೂ ಉಳಿಯಿತು. ಅವರು ಡ್ರಮಂಡ್, ಮರ್ರೆ, ಗ್ರಹಾಂ, ಕ್ಯಾಂಪ್‌ಬೆಲ್ ಎಂದು ಹೆಸರು ಬದಲಿಸಿ ಬದುಕಿದರು. ಡ್ರಮಂಡ್ ಹೆಸರಿನವನಿಗೆ ಮೆಕ್‌ಗ್ರೆಗರ್‌ಗಳ ಜೊತೆ ಹೊಂದಾಣಿಕೆ ಬಂದರೆ ಅದು ಆ ಕುಟುಂಬ ಕಳೆದುಕೊಂಡಿದ್ದ ಹೆಸರು ಮರಳಿ ಸಿಕ್ಕಿದಂತೆ.

ಹೆಸರು ಒಂದೇ, ಮೂಲ ಹಲವು ಎಂಬುದೂ ಇದೆ. ಮರ್ಫಿ, ಕೆಲ್ಲಿ ಎಂಬ ಹೆಸರುಗಳು ಐರ್ಲೆಂಡಿನ ಬೇರೆ ಬೇರೆ ಮೂಲೆಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿದವು. ಕೇವನ್ ಕಡೆಯ ಸ್ಮಿತ್ ಹಲವು ಸಲ ಇಂಗ್ಲಿಷ್ ವೇಷ ತೊಟ್ಟ ಮೆಕ್‌ಗವನ್. ಮೆಕ್‌ಸ್ವೀನಿ, ಮೆಕ್‌ಕೇಬ್ ಮೊದಲಾದವರು ಸ್ಕಾಟ್ಲೆಂಡಿನಿಂದ ಐರ್ಲೆಂಡಿಗೆ ಬಂದ ಗ್ಯಾಲೋಗ್ಲಾಸ್ ಎಂಬ ಬಾಡಿಗೆ ಯೋಧರ ಮನೆತನದವರು, ಅವರ ವೈ ಸಮುದ್ರ ದಾಟಿ ಹೋಗಿ ನಿಲ್ಲಬಹುದು. ಬೆಂಗಳೂರಿಗರಿಗೆ ಪರಿಚಿತವಾದ ಲಾವೆಲ್ ಎಂಬ ಹೆಸರನ್ನೇ ನೋಡಿ: ಕೇಳಲು ಫ್ರೆಂಚ್‌ನಂತಿದ್ದರೂ ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಅದು ಗೇಲಿಕ್ ಮೂಲದ ಹಳೆಯ ಹೆಸರು. ಕೋಲಾರದಲ್ಲಿ ಚಿನ್ನ ಹುಡುಕಲು ಮೈಸೂರು ಸರ್ಕಾರದ ಪರವಾನಗಿ ಪಡೆದ ಮೈಕಲ್ ಫಿಟ್ಸ್‌ಜೆರಾಲ್ಡ್ ಲಾವೆಲ್ ಐರಿಷ್ ಸೈನಿಕನೇ ಆಗಿದ್ದ.

ದತ್ತು, ತಾಯಿಯ ಹೆಸರು ಪಡೆದ ಮಗು, ಮದುವೆಯ ಹೊರಗಿನ ತಂದೆ, ಇವೂ ಸರಪಳಿಯನ್ನು ಕಡಿಯುತ್ತವೆ. ಬ್ರಿಟನ್ನಿನ 40 ಮನೆತನದ ಹೆಸರುಗಳನ್ನು ಅಧ್ಯಯನ ಮಾಡಿದ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಇಂಥ ಕಡಿತವನ್ನು ತಲೆಮಾರಿಗೆ ಶೇ. 1ರಿಂದ 4.5ರವರೆಗೆ ಅಂದಾಜಿಸಿದರು. ಶೇ. 2 ಎಂದು ಹಿಡಿದರೂ ಹತ್ತು ತಲೆಮಾರಿನಲ್ಲಿ ಒಮ್ಮೆಯಾದರೂ ಕಡಿದಿರುವ ಸಾಧ್ಯತೆ ಶೇ. 18ರಷ್ಟಾಗುತ್ತದೆ. ಅವರೇ ಕಂಡ ಇನ್ನೊಂದು ಸಂಗತಿ ಉಪಯುಕ್ತ: ಹೆಸರು ಅಪರೂಪದ್ದಾದಷ್ಟೂ ಅದನ್ನು ಹೊತ್ತವರು ಒಬ್ಬನೇ ಮೂಲಪುರುಷನ ಸಂತತಿಯಾಗಿರುವ ಸಂಭವ ಹೆಚ್ಚು. ನಿಮ್ಮ ಹೆಸರು ಅಪರೂಪದ್ದಾಗಿದ್ದರೆ ವೈ-37ರಿಂದ ಆರಂಭಿಸಿದರೂ ನಷ್ಟವಿಲ್ಲ.

ಹಣ ಕಟ್ಟುವ ಮೊದಲು, ಕಟ್ಟಿದ ಮೇಲೆ

ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಭಾರತದಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪುಸ್ತಕಗಳಿವೆ. ಸೈನಿಕನ ರೆಜಿಮೆಂಟ್, ಹುಟ್ಟಿದ ಕೌಂಟಿ ಅಲ್ಲಿಂದ ಸಿಕ್ಕರೆ ಡಿಎನ್‌ಎ ಕೆಲಸ ಅರ್ಧ ಹಗುರ. ಐರ್ಲೆಂಡಿನ 1901 ಮತ್ತು 1911ರ ಗಣತಿ, ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕಗಳು ಉಚಿತವಾಗಿ ನೋಡಲು ಸಿಗುತ್ತವೆ. ಸ್ಕಾಟ್ಲೆಂಡಿನ ನೋಂದಣಿ 1855ರಿಂದ ಅಚ್ಚುಕಟ್ಟಾಗಿದೆ, ಆದರೆ ಪತ್ರಗಳನ್ನು ನೋಡಲು ಹಣ ತೆರಬೇಕು.

ಫಲಿತಾಂಶ ಬಂದ ಮೇಲೆ ಆ ಹೆಸರಿನ ಅಥವಾ ಆ ಹ್ಯಾಪ್ಲೋಗ್ರೂಪಿನ ಪ್ರಾಜೆಕ್ಟಿಗೆ ಸೇರಿಕೊಳ್ಳಿ. ಇವನ್ನು ನಡೆಸುವವರು ಸ್ವಯಂಸೇವಕರು. ಅವರಷ್ಟು ತಾಳ್ಮೆಯಿಂದ ಅಂಕಿಗಳನ್ನು ಓದಿ ಹೇಳುವವರು ಬೇರೆಲ್ಲೂ ಸಿಗುವುದಿಲ್ಲ. ಹೊಂದಾಣಿಕೆಯ ಪಟ್ಟಿಯಲ್ಲಿ ಅಮೆರಿಕನ್ನರೇ ಹೆಚ್ಚಿರುತ್ತಾರೆ, ಅವರಲ್ಲಿ ಬಹುಮಂದಿಗೆ ‘ಐರ್ಲೆಂಡ್’ ಎಂಬುದರಾಚೆ ಊರು ಗೊತ್ತಿರುವುದಿಲ್ಲ. ಐರ್ಲೆಂಡಿನಲ್ಲಿ ಸುಮಾರು 61,000 ಟೌನ್‌ಲ್ಯಾಂಡ್‌ಗಳು, ಅಂದರೆ ನೆಲದ ಅತಿ ಸಣ್ಣ ವಿಭಾಗಗಳು ಇವೆ. ತನ್ನ ಪೂರ್ವಜನ ಟೌನ್‌ಲ್ಯಾಂಡನ್ನು ಬರೆದಿಟ್ಟ ಒಬ್ಬನೇ ಒಬ್ಬ ಹೊಂದಾಣಿಕೆಗೆ ಬಂದರೂ ಅದು ಊರಿಲ್ಲದ ನೂರು ಹೆಸರಿಗೆ ಸಮ. ಮೊದಲು ಪತ್ರ ಬರೆಯಬೇಕಾದದ್ದು ಅವನಿಗೆ.

ಹೆಣ್ಣುಮಕ್ಕಳಿಗೆ ವೈ ಇಲ್ಲ. ತಂದೆ, ಅಣ್ಣ ತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪ ಅಥವಾ ಅವರ ಗಂಡುಮಕ್ಕಳು, ಇವರಲ್ಲಿ ಯಾರ ಮಾದರಿಯಾದರೂ ಆಗುತ್ತದೆ. ಅವರಿಗೆ ಮೊದಲೇ ಬಿಡಿಸಿ ಹೇಳಿ: ತಂದೆ ಬೇರೆ ಎಂಬ ಸುದ್ದಿ ಬರಬಹುದು, ಮನೆಯ ಮಾಹಿತಿ ಕಂಪನಿಯೊಂದರ ಕೈಯಲ್ಲಿರುತ್ತದೆ. 23ಆಂಡ್‌ಮಿಯ ಲಕ್ಷಾಂತರ ಗ್ರಾಹಕರ ಮಾಹಿತಿ 2023ರಲ್ಲಿ ಸೋರಿತು, 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಪ್ಪಿಗೆ ಮನಸಾರೆ ಬರಬೇಕು, ಬಾರದಿದ್ದರೆ ಬೇರೆಯವರನ್ನು ಕೇಳಿ.

ಸಾಮಾನ್ಯವಾಗಿ ವೈ-37ರಿಂದ ಶುರು ಮಾಡಿ, ಉಳಿದ ಹಣ ಕಟ್ಟಿ ಬಿಗ್ ವೈಗೆ ಏರಬಹುದು. ಮಾದರಿಯನ್ನು ಕಂಪನಿ ಕಾಪಿಡುತ್ತದೆ. ಆದರೆ ಮಾದರಿ ಕೊಡುವವರು ಎಂಬತ್ತು ದಾಟಿದವರಾಗಿದ್ದು, ಆ ಗಂಡುಸಂತತಿಯಲ್ಲಿ ಅವರೇ ಕೊನೆಯವರಾಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಡಿ. ಹಳೆಯ ಮಾದರಿಯಲ್ಲಿ ಎರಡನೆಯ ಪರೀಕ್ಷೆಗೆ ಸಾಲುವಷ್ಟು ಡಿಎನ್‌ಎ ಉಳಿಯದೆ ಹೋದರೆ ಇನ್ನೊಮ್ಮೆ ಕೇಳಲು ಆ ಜೀವ ಇರುವುದಿಲ್ಲ. ಅಂಥವರಿಗೆ ಮೊದಲ ದಿನವೇ ಬಿಗ್ ವೈ ಮಾಡಿಸಿ.